ಸ್ತನ ಕ್ಯಾನ್ಸರಿನ ಮುನ್ನಡೆಯಲ್ಲಿ ರಕ್ತನಾಳಗಳ ಬೆಳವಣಿಗೆ

ದೇಹದಲ್ಲಿ ಆಗಲೇ ಇರುವ ರಕ್ತನಾಳಗಳಿಂದ ಹೊಸ ನಾಳಗಳು ಕವಲೊಡೆದು ಬೆಳೆಯುವುದಕ್ಕೆ ನಾಳಜನನ ಎಂದು ಹೆಸರು. ವೈದ್ಯರ ಮಾತಿನಲ್ಲಿ ಇದು ಆಂಜಿಯೊಜೆನೆಸಿಸ್. ಗಾಯ ಮಾಯುವಾಗ, ಮುಟ್ಟಿನ ನಂತರ ಗರ್ಭಕೋಶದ ಒಳಪದರ ಮತ್ತೆ ಕಟ್ಟಿಕೊಳ್ಳುವಾಗ, ಬಸುರಿನಲ್ಲಿ ಮಾಸು ಬೆಳೆಯುವಾಗ ಇದು ನಡೆಯುತ್ತದೆ, ಕೆಲಸ ಮುಗಿದ ಮೇಲೆ ನಿಲ್ಲುತ್ತದೆ. ಆದರೆ ಸ್ತನ ಕ್ಯಾನ್ಸರಿನಲ್ಲಿ ಅದು ನಿಲ್ಲುವುದಿಲ್ಲ. ಗಡ್ಡೆಯು ಸುತ್ತಲಿನ ನಾಳಗಳಿಂದ ಕವಲುಗಳನ್ನು ತನ್ನತ್ತ ಎಳೆದುಕೊಳ್ಳುತ್ತಲೇ ಇರುತ್ತದೆ. ಅದಕ್ಕೆ ಆಮ್ಲಜನಕ, ಆಹಾರ ಬರುವುದು ಆ ಹಾದಿಯಲ್ಲಿ. ಅದರ ಕೋಶಗಳು ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹೊರಡುವುದೂ ಅದೇ ಹಾದಿಯಲ್ಲಿ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 1,92,020 ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ 98,337 ಮಂದಿ ಈ ರೋಗದಿಂದ ಸತ್ತರು. ಹೊಸ ರೋಗಿಗಳು ಇಬ್ಬರಾದರೆ ಸಾವು ಒಂದು. ಇಷ್ಟೊಂದು ಸಾವಿಗೆ ಮುಖ್ಯ ಕಾರಣ ರೋಗ ತಡವಾಗಿ ವೈದ್ಯರ ಕೈಗೆ ಬರುವುದು. ತಡವಾದಷ್ಟು ದಿನ ಗಡ್ಡೆಯೊಳಗೆ ಏನು ನಡೆಯುತ್ತಿರುತ್ತದೆ ಎಂಬುದನ್ನು ನಾಳಜನನದ ಅಧ್ಯಯನ ಬಹುಮಟ್ಟಿಗೆ ತಿಳಿಸಿಕೊಟ್ಟಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಕಡೆ, ಅಂದರೆ ಕ್ಯಾನ್ಸರ್ ತಜ್ಞರು ಊರಿನಲ್ಲಿಲ್ಲದ ಕಡೆ, ಈ ತಿಳಿವಳಿಕೆಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ಮೊದಲ ಮಿಲಿಮೀಟರು

ರಕ್ತನಾಳದಿಂದ ಹೊರಬಂದ ಆಮ್ಲಜನಕ ಅಂಗಾಂಶದೊಳಗೆ ಸಾಗಬಲ್ಲ ದೂರ ಬಲು ಕಡಿಮೆ: 0.1ರಿಂದ 0.2 ಮಿಲಿಮೀಟರು. ಅದಕ್ಕಿಂತ ದೂರದಲ್ಲಿರುವ ಕೋಶ ಉಸಿರುಗಟ್ಟಿ ಸಾಯುತ್ತದೆ. ಹೀಗಾಗಿ ತನ್ನದೇ ನಾಳಗಳಿಲ್ಲದ ಗಡ್ಡೆ 1–2 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಹೊರಗಿನ ಕೋಶಗಳು ಒಡೆದು ಹೆಚ್ಚಾದಷ್ಟೇ ಒಳಗಿನವು ಸಾಯುತ್ತವೆ. ಈ ಸ್ಥಿತಿಯಲ್ಲಿ ಅದು ವರ್ಷಗಟ್ಟಲೆ ಇರಬಲ್ಲದು, ಯಾರಿಗೂ ತೊಂದರೆ ಕೊಡದೆ.

ಇದನ್ನು ಮೊದಲು ಗಂಭೀರವಾಗಿ ಹಿಡಿದವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ ಅವರೂ ಫ್ರೆಡರಿಕ್ ಬೆಕರ್ ಅವರೂ ಮೊಲದ ಥೈರಾಯ್ಡ್ ಗ್ರಂಥಿಯನ್ನು ದೇಹದಿಂದ ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ದ್ರವ ಹರಿಸಿ ಜೀವಂತವಾಗಿಟ್ಟು, ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಗಡ್ಡೆಗಳು ಹುಟ್ಟಿದವು, ಆದರೆ ಸಣ್ಣ ಕಾಳಿನಷ್ಟಾಗಿ ನಿಂತುಬಿಟ್ಟವು. ಅವೇ ಗಡ್ಡೆಗಳನ್ನು ಇಲಿಗೆ ಕಸಿಮಾಡಿದಾಗ ನಾಳಗಳು ಬಂದು ಸೇರಿ, ಅವು ಭರದಿಂದ ಬೆಳೆದವು. ಹೊಸ ನಾಳಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂಬ ತಮ್ಮ ವಾದವನ್ನು ಫೋಕ್‌ಮನ್ 1971ರಲ್ಲಿ ಪ್ರಕಟಿಸಿದರು. ಹತ್ತಾರು ವರ್ಷ ಬಹುಪಾಲು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ಗಡ್ಡೆ ನಾಳಗಳನ್ನು ಕರೆಯುವ ಬಗೆ ಈಗ ಚೆನ್ನಾಗಿ ತಿಳಿದಿದೆ. ಕೋಶದೊಳಗೆ ಎಚ್‌ಐಎಫ್-1 ಎಂಬ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ; ಆಮ್ಲಜನಕ ಸಾಕಷ್ಟಿದ್ದರೆ ಕೂಡಲೇ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗಿ, ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನಿನ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಕೋಶಗಳು ಆಮ್ಲಜನಕವನ್ನು ಅಳೆಯುವ ಈ ವಿಧಾನವನ್ನು ಬಿಡಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ವಿಇಜಿಎಫ್‌ನ ಇತಿಹಾಸ ಇನ್ನೂ ಹಿಂದಿನದು. 1983ರಲ್ಲಿ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೋರಾಕ್ ಮತ್ತಿತರರು ನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ಗಡ್ಡೆಗಳಲ್ಲಿ ಕಂಡರು. 1989ರಲ್ಲಿ ನೆಪೋಲಿಯೋನ್ ಫೆರಾರಾ ನಾಳಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ನೋಡಿದರೆ ಎರಡೂ ಒಂದೇ. ಸೋರಿಸುವುದೂ ಬೆಳೆಸುವುದೂ ಒಂದೇ ಅಣುವಿನ ಕೆಲಸವಾಗಿರುವುದು ಗಡ್ಡೆಯ ನಾಳಗಳ ಬಹಳಷ್ಟು ಲಕ್ಷಣಗಳಿಗೆ ಮೂಲ.

ವಿಇಜಿಎಫ್ ಹತ್ತಿರದ ಲೋಮನಾಳವನ್ನು ಮುಟ್ಟಿದಾಗ ನಾಳದ ಒಳಪದರದ ಒಂದು ಕೋಶ ಮುಂದಾಳಾಗುತ್ತದೆ. ಸುತ್ತಲಿನ ತಳಪೊರೆಯನ್ನು ಕಿಣ್ವಗಳಿಂದ ಕರಗಿಸಿ, ಬೆರಳಿನಂಥ ಚಾಚುಗಳನ್ನು ಹೊರಡಿಸಿ, ವಿಇಜಿಎಫ್ ಹೆಚ್ಚಿರುವ ದಿಕ್ಕಿಗೆ ತೆವಳುತ್ತದೆ. ಪಕ್ಕದ ಕೋಶಗಳಿಗೆ ನಾಚ್ ಎಂಬ ಸಂಕೇತ ಕೊಟ್ಟು ಅವು ತನ್ನಂತೆ ಮುಂದಾಳಾಗದಂತೆ ತಡೆಯುತ್ತದೆ. ಅವು ಹಿಂದೆ ನಿಂತು ಸಂಖ್ಯೆಯಲ್ಲಿ ಹೆಚ್ಚಿ ಕೊಳವೆ ಕಟ್ಟುತ್ತವೆ. ಆರೋಗ್ಯವಂತ ಅಂಗಾಂಶದಲ್ಲಿ ಕೊನೆಗೆ ಪೆರಿಸೈಟ್ ಎಂಬ ಕೋಶಗಳು ಬಂದು ಹೊಸ ನಾಳವನ್ನು ಹೊರಗಿನಿಂದ ತಬ್ಬಿ ಗಟ್ಟಿ ಮಾಡುತ್ತವೆ. ಗಡ್ಡೆಯಲ್ಲಿ ವಿಇಜಿಎಫ್ ಒಂದೇ ಸಮ ಸುರಿಯುತ್ತಿರುವುದರಿಂದ ಈ ಕೊನೆಯ ಕೆಲಸ ಸರಿಯಾಗಿ ಆಗುವುದೇ ಇಲ್ಲ.

ಸ್ತನ ಕ್ಯಾನ್ಸರಿನಲ್ಲಿ ಆಮ್ಲಜನಕದ ಕೊರತೆಯ ಜೊತೆಗೆ ಬೇರೆ ಒತ್ತಾಸೆಗಳೂ ಇವೆ. ಈಸ್ಟ್ರೋಜೆನ್ ಹಾರ್ಮೋನು ವಿಇಜಿಎಫ್ ಅನ್ನು ಹೆಚ್ಚಿಸುತ್ತದೆ. ಹರ್-2 ಎಂಬ ಪ್ರೋಟೀನು ಹೆಚ್ಚಿರುವ ಗಡ್ಡೆಗಳು ಆಮ್ಲಜನಕವಿದ್ದರೂ ಎಚ್‌ಐಎಫ್-1 ಅನ್ನು ಮೇಲೆತ್ತುತ್ತವೆ. ಈಸ್ಟ್ರೋಜೆನ್ ಗ್ರಾಹಕ, ಪ್ರೊಜೆಸ್ಟರೋನ್ ಗ್ರಾಹಕ, ಹೆಚ್ಚಿದ ಹರ್-2 ಮೂರೂ ಇಲ್ಲದ ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ವಿಇಜಿಎಫ್ ಮಟ್ಟ ಸಾಮಾನ್ಯವಾಗಿ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ಈ ಬಗೆಯ ಪಾಲು ಶೇ 10–15ರಷ್ಟಿದ್ದರೆ ಭಾರತದ ಹಲವು ಅಧ್ಯಯನಗಳಲ್ಲಿ ಕಾಲುಭಾಗವನ್ನು ಮೀರಿದೆ.

ಸೋರುವ ನಾಳಗಳು

ಗಡ್ಡೆಯ ನಾಳಗಳು ನೋಡಲು ವಿಕಾರ. ಕೆಲವು ಉಬ್ಬಿವೆ, ಕೆಲವು ಕುರುಡಾಗಿ ಮುಗಿಯುತ್ತವೆ, ಕೆಲವು ಸುತ್ತಿ ಬಂದು ತಮ್ಮನ್ನೇ ಸೇರುತ್ತವೆ. ಇಂಡಿಯ ನಿಂಬೆ ತೋಟದಲ್ಲಿ ಹನಿ ನೀರಾವರಿಯ ಪೈಪು ನಡುನಡುವೆ ಒಡೆದರೆ ನೀರು ಚೆಲ್ಲಿ ಕೆಸರಾಗುತ್ತದೆ, ಸಾಲಿನ ಕೊನೆಯ ಗಿಡ ಒಣಗುತ್ತದೆ. ಗಡ್ಡೆಯೊಳಗಿನ ಸ್ಥಿತಿ ಅಂಥದ್ದು. ರಕ್ತದ ದ್ರವಾಂಶ ಸೋರಿ ಒಳಗಿನ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ, ಅಲ್ಲಿ ಮತ್ತೆ ಆಮ್ಲಜನಕ ಕಡಿಮೆಯಾಗುತ್ತದೆ, ಮತ್ತೆ ವಿಇಜಿಎಫ್ ಬರುತ್ತದೆ. ಕೀಮೋಥೆರಪಿಯ ಔಷಧ ಗಡ್ಡೆಯ ಎಲ್ಲ ಮೂಲೆಗಳನ್ನೂ ಮುಟ್ಟದಿರುವುದಕ್ಕೆ ಇದೊಂದು ಕಾರಣ. ಆಮ್ಲಜನಕವಿಲ್ಲದ ಕೋಶಗಳ ಮೇಲೆ ವಿಕಿರಣ ಚಿಕಿತ್ಸೆಯ ಪರಿಣಾಮವೂ ಕಡಿಮೆ.

ಇದೇ ಸೋರಿಕೆ ರೋಗಪತ್ತೆಗೆ ನೆರವಾಗಿದೆ ಎಂಬುದನ್ನೂ ಹೇಳಬೇಕು. ಎಂಆರ್‌ಐ ಮಾಡುವಾಗ ರಕ್ತಕ್ಕೆ ಗ್ಯಾಡೊಲಿನಿಯಂ ದ್ರವ ಕೊಡುತ್ತಾರೆ. ಸೋರುವ ನಾಳಗಳಿರುವ ಗಡ್ಡೆ ಅದನ್ನು ಬೇಗ ಹೀರಿ ಬೆಳಗುತ್ತದೆ, ಬೇಗ ಬಿಟ್ಟುಕೊಡುತ್ತದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಗಂಟಿನೊಳಗಿನ ರಕ್ತದ ಹರಿವೇ ಕಾಣುತ್ತದೆ.

ನಾಳಿಕೆಯ ಒಳಗಿಂದ ದೂರದ ಅಂಗಕ್ಕೆ

ಸ್ತನ ಕ್ಯಾನ್ಸರಿನ ಬಹುಪಾಲು ಹಾಲಿನ ನಾಳಿಕೆಗಳ ಒಳಗೋಡೆಯಲ್ಲಿ ಶುರುವಾಗುತ್ತದೆ. ನಾಳಿಕೆಯ ಒಳಗೆ ರಕ್ತನಾಳಗಳಿಲ್ಲ. ಹೀಗಾಗಿ ಇನ್ನೂ ಒಳಗೇ ಇರುವ ಕ್ಯಾನ್ಸರ್ ಬೆಳೆದಂತೆ ನಡುವಿನ ಕೋಶಗಳು ಸತ್ತು ಅಲ್ಲಿ ಸುಣ್ಣದ ಕಣಗಳು ಕೂರುತ್ತವೆ. ಮ್ಯಾಮೊಗ್ರಾಮಿನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವವುಗಳಲ್ಲಿ ಎಷ್ಟೋ ಇವೇ. ನಾಳಿಕೆಯ ಗೋಡೆ ಇನ್ನೂ ಒಡೆಯದಿದ್ದಾಗಲೇ ಅದರ ಹೊರಗೆ ರಕ್ತನಾಳಗಳ ಉಂಗುರ ಕಟ್ಟಿಕೊಳ್ಳುವುದುಂಟು. ಪಿಯೆಟ್ರೊ ಗುಲ್ಲಿನೊ ಅವರ ತಂಡ 1970ರ ದಶಕದಲ್ಲಿ ಮೊಲದ ಕಣ್ಣಿನ ಪಾಪೆಪೊರೆಯ ಮೇಲೆ ಸ್ತನದ ಅಂಗಾಂಶದ ಚೂರುಗಳನ್ನಿಟ್ಟು ನೋಡಿತು. ಪೂರ್ತಿ ಕ್ಯಾನ್ಸರ್ ಆಗದ, ಆದರೆ ಆಗುವ ಹಾದಿಯಲ್ಲಿರುವ ಕೆಲವು ಚೂರುಗಳು ಕೂಡ ನಾಳಗಳನ್ನು ಕರೆದವು. ಅಂದರೆ ನಾಳಜನನ ಕ್ಯಾನ್ಸರ್ ಹಬ್ಬಿದ ಮೇಲೆ ಬರುವ ಘಟ್ಟವಲ್ಲ, ಹಬ್ಬುವುದಕ್ಕೆ ಮೊದಲೇ ನಡೆಯುವ ಸಿದ್ಧತೆ. ಒಳಗಿದ್ದ ಗಡ್ಡೆ ಈ ಗುಣ ಪಡೆಯುವುದನ್ನು ಡಗ್ಲಸ್ ಹನಹನ್ ಮತ್ತು ಫೋಕ್‌ಮನ್ 1996ರಲ್ಲಿ ನಾಳಜನನದ ಸ್ವಿಚ್ ಎಂದು ಕರೆದರು. ಬೆಳೆಸುವ ಪ್ರೋಟೀನುಗಳು ತಡೆಯುವ ಪ್ರೋಟೀನುಗಳನ್ನು ಮೀರಿದಾಗ ಸ್ವಿಚ್ ಬೀಳುತ್ತದೆ.

ಕೈಗೆ ಸಿಗುವ ಗಂಟು ಈ ಘಟ್ಟವನ್ನು ಎಂದೋ ದಾಟಿರುತ್ತದೆ. 1 ಮಿಲಿಮೀಟರಿನ ಗಡ್ಡೆಯಲ್ಲಿ ಸುಮಾರು 10 ಲಕ್ಷ ಕೋಶಗಳು. 1 ಸೆಂಟಿಮೀಟರಿನದರಲ್ಲಿ ಸುಮಾರು 100 ಕೋಟಿ. ಇಷ್ಟು ಕೋಶಗಳನ್ನು ಸಾಕುವ ನಾಳಗಳ ಜಾಲ ಒಳಗೆ ಇದ್ದೇ ಇರುತ್ತದೆ. 1975ರಲ್ಲಿ ಬಟ್ಲರ್ ಮತ್ತು ಗುಲ್ಲಿನೊ ಇಲಿಯ ಸ್ತನಗಡ್ಡೆಯಿಂದ ಹೊರಬರುವ ರಕ್ತವನ್ನು ಹಿಡಿದು ಎಣಿಸಿದಾಗ, ಒಂದು ಗ್ರಾಂ ಗಡ್ಡೆಯಿಂದ ದಿನಕ್ಕೆ 30–40 ಲಕ್ಷ ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಬೀಳುತ್ತಿದ್ದವು. ಅವುಗಳಲ್ಲಿ ಬಹುತೇಕ ಎಲ್ಲವೂ ರಕ್ತದಲ್ಲೇ ಸಾಯುತ್ತವೆ. ಉಳಿಯುವ ಕೆಲವೇ ಕೋಶಗಳು ಮಾತ್ರ ಮುಂದೆ ಜೀವಕ್ಕೆ ಎರವಾಗುತ್ತವೆ. ಅವು ನಾಳದೊಳಗೆ ನುಗ್ಗುವ ಬಾಗಿಲುಗಳನ್ನೂ ಈಗ ಗುರುತಿಸಲಾಗಿದೆ: ನಾಳದ ಗೋಡೆಗೆ ಮ್ಯಾಕ್ರೊಫೇಜ್ ಎಂಬ ಒಂದು ರಕ್ಷಣಾ ಕೋಶ ಅಂಟಿ ಕೂತು ಅಲ್ಲಿ ವಿಇಜಿಎಫ್ ಬಿಟ್ಟು ಸಂದು ತೆರೆಯುತ್ತದೆ, ಪಕ್ಕದ ಕ್ಯಾನ್ಸರ್ ಕೋಶ ಅದರಲ್ಲಿ ತೂರಿಕೊಳ್ಳುತ್ತದೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಜಾನ್ ಕಾಂಡೀಲಿಸ್ ಅವರ ತಂಡ ಇದನ್ನು ಜೀವಂತ ಇಲಿಗಳಲ್ಲಿ ಸೂಕ್ಷ್ಮದರ್ಶಕದಡಿ ನೋಡಿದೆ.

ದುಗ್ಧನಾಳಗಳಿಗೂ ಇಂಥದ್ದೇ ಬೆಳವಣಿಗೆಯಿದೆ. ಅಲ್ಲಿ ಮುಖ್ಯ ಪ್ರೋಟೀನು ವಿಇಜಿಎಫ್-ಸಿ. ಕಂಕುಳಿನ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಮೊದಲು ಬರುವುದು ಈ ಹಾದಿಯಲ್ಲಿ. ಚರ್ಮದ ದುಗ್ಧನಾಳಗಳು ಕಟ್ಟಿಕೊಂಡಾಗ ಸ್ತನದ ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿ ಕುಳಿ ಬೀಳುತ್ತದೆ.

ದೂರದ ಅಂಗ ತಲುಪಿದ ಕೋಶ ಕೂಡಲೇ ಬೆಳೆಯಬೇಕೆಂದೇನೂ ಇಲ್ಲ. ಈಸ್ಟ್ರೋಜೆನ್ ಗ್ರಾಹಕವಿರುವ ಕ್ಯಾನ್ಸರು ಶಸ್ತ್ರಚಿಕಿತ್ಸೆಯಾದ 10–15 ವರ್ಷಗಳ ಮೇಲೂ ಮೂಳೆಯಲ್ಲಿ ಮರುಕಳಿಸುವುದುಂಟು. ಅಷ್ಟು ವರ್ಷ ಅದು ಎಲ್ಲಿತ್ತು ಎಂಬ ಪ್ರಶ್ನೆಗೆ ಸೈರಸ್ ಘಜರ್ ಮತ್ತು ಮಿನಾ ಬಿಸ್ಸೆಲ್ ಅವರ 2013ರ ಅಧ್ಯಯನ ಒಂದು ಉತ್ತರ ಕೊಟ್ಟಿತು. ಅವರು ಕಂಡಂತೆ, ಸ್ಥಿರವಾದ ರಕ್ತನಾಳದ ಪಕ್ಕದಲ್ಲಿ ಕೂತ ಸ್ತನ ಕ್ಯಾನ್ಸರ್ ಕೋಶ ನಿದ್ರೆಯಲ್ಲಿರುತ್ತದೆ. ನಾಳದ ಗೋಡೆ ಸ್ರವಿಸುವ ಥ್ರಾಂಬೊಸ್ಪಾಂಡಿನ್-1 ಅದನ್ನು ಮಲಗಿಸಿಡುತ್ತದೆ. ಅದೇ ನಾಳ ಕವಲೊಡೆಯತೊಡಗಿದರೆ, ಆ ಚಿಗುರುವ ತುದಿಯ ಬಳಿಯ ಕೋಶ ಎಚ್ಚೆತ್ತು ಬೆಳೆಯುತ್ತದೆ. ರಕ್ತನಾಳವನ್ನು ಬರಿಯ ಆಹಾರದ ಕೊಳವೆ ಎಂದು ತಿಳಿದಿದ್ದವರ ಎಣಿಕೆಯನ್ನು ಈ ಕೆಲಸ ಬದಲಿಸಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಫೋಕ್‌ಮನ್ ನಂತರದ ಬಹು ಮುಖ್ಯ ಹೆಜ್ಜೆ ಇದು.

ನಾಳಗಳನ್ನು ಎಣಿಸುವುದು

1991ರಲ್ಲಿ ನೋಯೆಲ್ ವೈಡ್ನರ್, ಫೋಕ್‌ಮನ್ ಮತ್ತಿತರರು 49 ಮಂದಿಯ ಸ್ತನ ಕ್ಯಾನ್ಸರ್ ಚೂರುಗಳನ್ನು ತೆಗೆದುಕೊಂಡರು. 30 ಮಂದಿಯಲ್ಲಿ ರೋಗ ಬೇರೆಡೆ ಹಬ್ಬಿತ್ತು, 19 ಮಂದಿಯಲ್ಲಿ ಇರಲಿಲ್ಲ. ನಾಳದ ಒಳಪದರಕ್ಕೆ ಮಾತ್ರ ಅಂಟುವ ಪ್ರತಿಕಾಯ ಹಾಕಿ ನಾಳಗಳಿಗೆ ಬಣ್ಣ ಬರಿಸಿದರು. ಮೊದಲು ಕಡಿಮೆ ವರ್ಧನೆಯಲ್ಲಿ ಇಡೀ ಸ್ಲೈಡನ್ನು ನೋಡಿ ನಾಳಗಳು ಅತಿ ದಟ್ಟವಾಗಿರುವ ಜಾಗ ಹುಡುಕಿದರು. ಆಮೇಲೆ 200 ಪಟ್ಟು ವರ್ಧನೆಯಲ್ಲಿ ಆ ಜಾಗದ ಒಂದೊಂದೇ ನಾಳವನ್ನು ಎಣಿಸಿದರು. ಬಣ್ಣ ಹಿಡಿದ ಒಂಟಿ ಕೋಶವನ್ನೂ ಒಂದು ನಾಳವೆಂದೇ ಲೆಕ್ಕ ಹಾಕಿದರು. ಎಣಿಕೆ ಹೆಚ್ಚಿದಷ್ಟೂ ರೋಗ ಹಬ್ಬಿರುವ ಸಾಧ್ಯತೆ ಹೆಚ್ಚಿತ್ತು. ಮುಂದೆ ಸಿಡಿ31, ಸಿಡಿ34, ಸಿಡಿ105 ಎಂಬ ಪ್ರೋಟೀನುಗಳಿಗೆ ಅಂಟುವ ಪ್ರತಿಕಾಯಗಳು ಬಂದವು. ಆದರೂ ಇಂದು ಸ್ತನ ಕ್ಯಾನ್ಸರಿನ ಪೆಥಾಲಜಿ ವರದಿಯಲ್ಲಿ ಈ ಎಣಿಕೆ ಇರುವುದಿಲ್ಲ. ದಟ್ಟ ಜಾಗವನ್ನು ಆರಿಸುವುದು ನೋಡುವವರ ಕಣ್ಣನ್ನು ಅವಲಂಬಿಸಿದೆ, ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ನಾಳದೊಳಗೆ ಕ್ಯಾನ್ಸರ್ ಕೋಶ ಹೊಕ್ಕಿದೆಯೇ ಎಂಬ ವಿವರ ಮಾತ್ರ ಪ್ರತಿ ವರದಿಯಲ್ಲೂ ಇರುತ್ತದೆ, ಚಿಕಿತ್ಸೆಯ ತೀರ್ಮಾನಕ್ಕೆ ಅದು ಬೇಕು.

ನಾಳ ತಡೆಯುವ ಚಿಕಿತ್ಸೆ

ವಿಇಜಿಎಫ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಬೆವಸಿಝುಮಾಬ್ ಎಂಬ ಪ್ರತಿಕಾಯಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಹಬ್ಬಿದ ಸ್ತನ ಕ್ಯಾನ್ಸರಿನ 722 ರೋಗಿಗಳ ಇ2100 ಪ್ರಯೋಗದಲ್ಲಿ, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧವೊಂದನ್ನೇ ಪಡೆದವರಲ್ಲಿ ರೋಗ 5.9 ತಿಂಗಳು ತಡೆದು ನಿಂತಿತ್ತು. ಬೆವಸಿಝುಮಾಬ್ ಸೇರಿಸಿದವರಲ್ಲಿ 11.8 ತಿಂಗಳು. ಇದರ ಆಧಾರದ ಮೇಲೆ 2008ರ ಫೆಬ್ರವರಿಯಲ್ಲಿ ಸ್ತನ ಕ್ಯಾನ್ಸರಿಗೂ ಅನುಮತಿ ಬಂತು. ಫೋಕ್‌ಮನ್ ಅದಕ್ಕೆ ಒಂದು ತಿಂಗಳು ಮೊದಲು ತೀರಿಕೊಂಡಿದ್ದರು. ಆದರೆ ಅದೇ ಪ್ರಯೋಗದಲ್ಲಿ ಒಟ್ಟು ಬದುಕಿದ ಅವಧಿ 25.2 ತಿಂಗಳಿಂದ 26.7ಕ್ಕೆ ಮಾತ್ರ ಏರಿತ್ತು, ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ನಂತರದ ಪ್ರಯೋಗಗಳಲ್ಲಿ ಲಾಭ ಇನ್ನೂ ಸಣ್ಣದಾಯಿತು; ರಕ್ತದೊತ್ತಡದ ಏರಿಕೆ, ರಕ್ತಸ್ರಾವ, ಕರುಳಿನಲ್ಲಿ ತೂತು, ಗಾಯ ಮಾಯದಿರುವುದು ಮೊದಲಾದ ತೊಂದರೆಗಳು ಉಳಿದವು. 2011ರ ನವೆಂಬರಿನಲ್ಲಿ ಅಮೆರಿಕ ಸ್ತನ ಕ್ಯಾನ್ಸರಿಗೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಿತು. ಯುರೋಪು ಸೀಮಿತ ಬಳಕೆಗೆ ಉಳಿಸಿಕೊಂಡಿತು.

ಇಷ್ಟು ಭರವಸೆಯ ಔಷಧ ಏಕೆ ಸೋತಿತು? ಸ್ತನ ಕ್ಯಾನ್ಸರ್ ವಿಇಜಿಎಫ್ ಒಂದನ್ನೇ ನೆಚ್ಚಿಕೊಂಡಿಲ್ಲ. 1997ರಲ್ಲಿ ಪ್ರಕಟವಾದ ರೆಲ್ಫ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಪ್ರತಿ ಗಡ್ಡೆಯಲ್ಲೂ ಕನಿಷ್ಠ ಆರು ಬಗೆಯ ನಾಳವರ್ಧಕ ಪ್ರೋಟೀನುಗಳು ಸಿಕ್ಕಿದ್ದವು. ಒಂದನ್ನು ಮುಚ್ಚಿದರೆ ಇನ್ನೊಂದು ಆ ಕೆಲಸ ಮಾಡುತ್ತದೆ. ಎರಡನೆಯದಾಗಿ, ಯಕೃತ್ತಿಗೆ ಹಬ್ಬಿದ ಸ್ತನ ಕ್ಯಾನ್ಸರ್ ಎಷ್ಟೋ ಸಲ ಹೊಸ ನಾಳಗಳನ್ನು ಬೆಳೆಸುವುದೇ ಇಲ್ಲ. ಯಕೃತ್ತಿನ ಕೋಶಗಳ ಜಾಗದಲ್ಲಿ ತಾನು ಕೂತು ಅಲ್ಲಿರುವ ನಾಳಗಳನ್ನೇ ಬಳಸಿಕೊಳ್ಳುತ್ತದೆ. ಬೆಳೆಯದ ನಾಳವನ್ನು ಬೆಳೆಯದಂತೆ ತಡೆಯುವ ಔಷಧದಿಂದ ಏನು ಪ್ರಯೋಜನ? ಲಲಿತಪುರದಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಓದಿ ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ರಾಕೇಶ್ ಜೈನ್ ಬೇರೆ ದಾರಿ ತೋರಿಸಿದರು. ನಾಳಗಳನ್ನು ಪೂರ್ತಿ ಕೊಲ್ಲುವ ಬದಲು ಮಿತವಾದ ಪ್ರಮಾಣದಲ್ಲಿ ಔಷಧ ಕೊಟ್ಟು ಅವನ್ನು ಕೆಲಕಾಲ ಸರಿಪಡಿಸಿದರೆ, ಸೋರಿಕೆ ನಿಂತು ಕೀಮೋಥೆರಪಿಯ ಔಷಧ ಒಳಗೆ ತಲುಪುತ್ತದೆ ಎಂಬುದು 2001ರಿಂದ ಅವರು ಮಂಡಿಸುತ್ತ ಬಂದ ವಿಚಾರ.

ಕರ್ನಾಟಕದ ಪ್ರಯೋಗಾಲಯಗಳು

ಮೈಸೂರು ವಿಶ್ವವಿದ್ಯಾಲಯದ ಜೈವಿಕ ತಂತ್ರಜ್ಞಾನ ವಿಭಾಗದಲ್ಲಿ ಭಾರತಿ ಪಿ. ಸಾಲಿಮಠ ಅವರು ನಾಳಜನನದ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಅವರ ತಂಡ ಬಳಸಿದ ಎರ್ಲಿಶ್ ಗಡ್ಡೆಯ ಕೋಶಗಳು ಮೂಲತಃ ಇಲಿಯ ಸ್ತನ ಕ್ಯಾನ್ಸರಿನವು. ಅವನ್ನು ಇಲಿಯ ಹೊಟ್ಟೆಯೊಳಗೆ ಬಿಟ್ಟರೆ ನೀರು ತುಂಬಿ ಹೊಟ್ಟೆ ಉಬ್ಬುತ್ತದೆ, ಒಳಪೊರೆಯ ಮೇಲೆ ನಾಳಗಳು ದಟ್ಟವಾಗುತ್ತವೆ. ಇನ್ನೊಂದು ಪರೀಕ್ಷೆ ಕೋಳಿಮೊಟ್ಟೆಯಲ್ಲಿ: ಮರಿಯಾಗುತ್ತಿರುವ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಳಗಿನ ಪೊರೆಯ ಮೇಲೆ ಔಷಧವಿರುವ ಪುಟ್ಟ ಬಿಲ್ಲೆಯಿಟ್ಟು, ಕಿಟಕಿ ಮುಚ್ಚಿ, ಕೆಲವು ದಿನಗಳ ಮೇಲೆ ತೆರೆದು ನೋಡುತ್ತಾರೆ. ಔಷಧ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಕೆಂಪು ನಾಳಗಳಿಲ್ಲದ ಜಾಗ ಬರಿಗಣ್ಣಿಗೇ ಕಾಣುತ್ತದೆ. ಜರ್ಮನಿಯ ಡೀಟರ್ ಮಾರ್ಮೆ ಅವರೊಂದಿಗೆ ಈ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಿಶಿನದ ಕರ್ಕ್ಯುಮಿನ್ ಇಲಿಗಳಲ್ಲೂ ಮೊಟ್ಟೆಯ ಪೊರೆಯಲ್ಲೂ ನಾಳಜನನವನ್ನು ತಗ್ಗಿಸಿತು, ಗಡ್ಡೆಕೋಶಗಳಲ್ಲಿ ವಿಇಜಿಎಫ್ ತಯಾರಿಯನ್ನು ಇಳಿಸಿತು. ಮೈಸೂರಿನ ಯುವರಾಜ ಕಾಲೇಜು, ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜುಗಳಲ್ಲೂ ನಾಳ ತಡೆಯುವ ಹೊಸ ರಾಸಾಯನಿಕಗಳ ಹುಡುಕಾಟ ನಡೆದಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ತಿಂದ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಗಂಟಿನ ಮೇಲೆ ಅರಿಶಿನದ ಲೇಪ ಹಚ್ಚಿ ತಿಂಗಳುಗಟ್ಟಲೆ ಕಾಯುವುದಕ್ಕೆ ಮೈಸೂರಿನ ಈ ಅಧ್ಯಯನ ಆಧಾರವಾಗಲಾರದು.

ವಿಜಯಪುರದಲ್ಲಿ 1986ರಲ್ಲಿ ಆರಂಭವಾದ ಬಿಎಲ್‌ಡಿಇ ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರಜ್ಞ ಕುಸಾಲ್ ಕೆ. ದಾಸ್ ಅವರು ರಕ್ತನಾಳಗಳಿಗೇ ಮೀಸಲಾದ ಪ್ರಯೋಗಾಲಯ ಕಟ್ಟಿದ್ದಾರೆ. ಆಮ್ಲಜನಕದ ಕೊರತೆ, ಸೀಸ, ನಿಕ್ಕಲ್‌ಗಳಿಂದ ಇಲಿಗಳ ರಕ್ತನಾಳಗಳಲ್ಲಾಗುವ ಬದಲಾವಣೆ ಅಲ್ಲಿನ ಅಧ್ಯಯನದ ವಿಷಯ. ಅದು ಸ್ತನ ಕ್ಯಾನ್ಸರಿನ ಕೆಲಸವಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಹತ್ತಿರದಲ್ಲಿ ವಿಇಜಿಎಫ್, ಆಮ್ಲಜನಕಗಳ ಸಂಬಂಧ ಬಲ್ಲ ಪ್ರಯೋಗಾಲಯವಿದು. ಔಷಧ ತಯಾರಿಕೆಯ ಕಡೆ ಬಂದರೆ, ಬೆಂಗಳೂರಿನ ಬಯೋಕಾನ್ ಕಂಪನಿ 2017ರಲ್ಲಿ ಬೆವಸಿಝುಮಾಬಿನ ದೇಶೀ ರೂಪವನ್ನು ಮಾರುಕಟ್ಟೆಗೆ ತಂದಿತು.

ನಾಲ್ಕು ತಾಲ್ಲೂಕುಗಳು

ಇಂಡಿ ತಾಲ್ಲೂಕು ವಿಜಯಪುರ ಜಿಲ್ಲೆಯ ಉತ್ತರಕ್ಕೆ, ಭೀಮಾ ನದಿಯ ಕಡೆ; ಸಿಂದಗಿ ಪೂರ್ವಕ್ಕೆ; ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ದಕ್ಷಿಣಕ್ಕೆ, ಕೃಷ್ಣೆಯ ಕಡೆ. ನಾಲ್ಕೂ ಕಡೆ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಕ್ಯಾನ್ಸರ್ ಚಿಕಿತ್ಸೆಗೆ ಮಾತ್ರ ಜನ ವಿಜಯಪುರಕ್ಕೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕು. ಇಂಡಿಯವರಿಗೆ ಸೊಲ್ಲಾಪುರವೂ ಹತ್ತಿರ.

ಈ ಭಾಗದ ಹಳ್ಳಿಗಳ ಚಿತ್ರ ಊಹಿಸಲು ಗಡಿಯಾಚೆಯ ಬಾರ್ಶಿ ನೆರವಾಗುತ್ತದೆ. ಸೊಲ್ಲಾಪುರ ಜಿಲ್ಲೆಯ ಆ ಊರಿನಲ್ಲಿ 1987ರಲ್ಲಿ ಶುರುವಾದದ್ದು ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ. ಅದೇ ಜೋಳದ ನಾಡು, ಅದೇ ದುಡಿಮೆ. 1982ರಿಂದ ನಡೆಯುತ್ತಿರುವ ಬೆಂಗಳೂರಿನ ನೋಂದಣಿಗೆ ಹೋಲಿಸಿದರೆ ಬಾರ್ಶಿಯಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣ ಬಹಳ ಕಡಿಮೆ. ಬೇಗ ಹೆರಿಗೆ, ಹೆಚ್ಚು ಮಕ್ಕಳು, ದೀರ್ಘಕಾಲ ಎದೆಹಾಲು ಕುಡಿಸುವುದು ಇದಕ್ಕೆ ಕಾರಣ. ಆದರೆ ರೋಗ ಬಂದ ಹಳ್ಳಿಯ ಹೆಂಗಸು ಉಳಿಯುವ ಸಾಧ್ಯತೆ ನಗರದವಳಿಗಿಂತ ಕಡಿಮೆ, ಏಕೆಂದರೆ ಆಕೆ ತಡವಾಗಿ ಬರುತ್ತಾಳೆ.

ತಡವಾಗಲು ಗಂಟಿಗೆ ನೋವಿಲ್ಲದಿರುವುದೇ ದೊಡ್ಡ ಕಾರಣ. ಬೇನೆಯಿಲ್ಲದ್ದು ಬ್ಯಾನಿ ಅಲ್ಲ ಎಂದುಕೊಂಡು ತೊಗರಿ ರಾಶಿ ಮುಗಿಯಲಿ, ಎಳ್ಳಮವಾಸ್ಯೆ ದಾಟಲಿ, ಮಗಳ ಲಗ್ನ ಆಗಲಿ ಎಂದು ಮುಂದೂಡುತ್ತಾರೆ. ಸ್ತನ ಕ್ಯಾನ್ಸರ್ ಎರಡು ಪಟ್ಟಾಗಲು ಸರಾಸರಿ ಹಿಡಿಯುವುದು ಕೆಲವು ತಿಂಗಳು; ಅಂದರೆ ಒಂದು ಹಂಗಾಮು ಕಾದರೆ ಗಡ್ಡೆ ದುಪ್ಪಟ್ಟಾಗಿರಬಹುದು, ಅದರ ಜೊತೆಗೆ ನಾಳಗಳೂ ಕೋಶಗಳು ಹೊರಡುವ ಬಾಗಿಲುಗಳೂ ಹೆಚ್ಚಿರಬಹುದು. ಹಬ್ಬಿದ ಮೇಲೆ ನಾಳ ತಡೆಯುವ ಔಷಧ ಕೊಟ್ಟು ಗಳಿಸಿದ್ದು ಕೆಲವು ತಿಂಗಳ ತಡೆ. ಹಬ್ಬುವ ಮೊದಲೇ ಗಂಟನ್ನು ತೆಗೆದರೆ ನಾಳಗಳ ಸಮೇತ ಇಡೀ ರೋಗವೇ ಹೋಗುವ ಸಾಧ್ಯತೆಯಿದೆ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಬಡ ಮಹಿಳೆಯರಲ್ಲಿ 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲವಾದ ಸಾಕ್ಷಿ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದವರಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರ ಹತ್ತಿರ ಇಳಿಯಿತು. ಮ್ಯಾಮೊಗ್ರಾಮ್ ಇಲ್ಲದ ಊರಿಗೆ ಇದು ಆಗುವ ಮಾತು. ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದ ಪ್ರತಿ ಮಹಿಳೆಗೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಆಗಬೇಕು, ಆಶಾ ಕಾರ್ಯಕರ್ತೆ ಕರೆತರಬೇಕು. ಚಿಕಿತ್ಸೆಯ ಖರ್ಚಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ.

ತಾಲ್ಲೂಕು ಮಟ್ಟದ ಶಸ್ತ್ರಚಿಕಿತ್ಸಕರ ಕೈಯಲ್ಲಿ ಇನ್ನೊಂದು ಮುಖ್ಯ ಕೆಲಸವಿದೆ. ತೆಗೆದ ಗಂಟು ಒಂದು ಗಂಟೆಯೊಳಗೆ ಶೇ 10ರ ತಟಸ್ಥ ಫಾರ್ಮಲಿನ್‌ನಲ್ಲಿ ಮುಳುಗಬೇಕು, ದ್ರವ ಗಂಟಿನ ಹತ್ತು ಪಟ್ಟು ಇರಬೇಕು, ದೊಡ್ಡ ಗಂಟಾದರೆ ಸೀಳಿ ಇಡಬೇಕು, 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಬಸ್ಸಿನಲ್ಲಿ ಸಂಬಂಧಿಕರ ಚೀಲದಲ್ಲಿ, ಅರ್ಧ ತುಂಬಿದ ಡಬ್ಬಿಯಲ್ಲಿ, ಎರಡು ದಿನ ದಾಟಿ ಲ್ಯಾಬು ತಲುಪಿದ ಚೂರಿನ ನಡುಭಾಗ ಕೊಳೆತಿರಬಹುದು. ಆಗ ಈಸ್ಟ್ರೋಜೆನ್ ಗ್ರಾಹಕ ಇದ್ದರೂ ಇಲ್ಲವೆಂದು ವರದಿ ಬರಬಹುದು, ಅಗ್ಗದ ಟ್ಯಾಮೋಕ್ಸಿಫೆನ್ ಮಾತ್ರೆಯಿಂದ ಉಳಿಯಬೇಕಾದವಳು ಅದರಿಂದ ವಂಚಿತಳಾಗಬಹುದು. ನಾಳದೊಳಗೆ ಹೊಕ್ಕ ಕೋಶಗಳನ್ನು ಗುರುತಿಸುವುದೂ ಆಗದು. ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿದ ಆ ಚೂರನ್ನು ಬ್ಲಾಕ್ ಎನ್ನುತ್ತಾರೆ. ರೋಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವಾಗ ವರದಿಯ ಜೊತೆಗೆ ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ಪಡೆದು ಒಯ್ಯಬೇಕು. ಅಲ್ಲಿನ ವೈದ್ಯರು ಅದರಿಂದಲೇ ಮತ್ತೆ ಪರೀಕ್ಷೆ ಮಾಡಬಲ್ಲರು.